ಭಾವನ ಡಿಟಿಪಿ ಅಂಗಡಿಗೆ ಆರು ಕೋರಿನ ಪ್ರೊಸೆಸರ್

ಅಕ್ಟೋಬರ್ ಕೊನೆಯ ವಾರ ಕಟಪಾಡಿಯಿಂದ ಭಾವನ ಫೋನು. “ಭಾವ, ಕಂಪ್ಯೂಟರ್ ಆನ್ ಮಾಡಿದ ಕೂಡ್ಲೆ ಎಂತದೋ ನೋಟೀಸು ಬರ್ತದೆ. ವಿಂಡೋಸ್ ಹತ್ತಕ್ಕೆ ಇನ್ನು ಸಪೋರ್ಟ್ ಇಲ್ವಂತೆ. ಇದನ್ನು ಬಿಸಾಡ್ಲಿಕ್ಕಾ?”

ಅಕ್ಕನ ಗಂಡ ಅವರು. ಅವರು ನನಗೆ ಭಾವ, ನಾನು ಅವರಿಗೂ ಭಾವ. ನಮ್ಮ ಕಡೆಯ ಲೆಕ್ಕವೇ ಹಾಗೆ. ಕಟಪಾಡಿ ಪೇಟೆಯಲ್ಲಿ ಅವರದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ರಸೀದಿ ಪುಸ್ತಕ, ಫ್ಲೆಕ್ಸ್ ಡಿಸೈನು, ಹರಕೆ ಯಕ್ಷಗಾನ ಆಟದ ಕರಪತ್ರ ಎಲ್ಲವೂ ಒಂದೇ ಕಂಪ್ಯೂಟರಿನಿಂದ ಹೊರಡಬೇಕು. ಅದು 2014ರಲ್ಲಿ ನಾನೇ ಜೋಡಿಸಿ ಕೊಟ್ಟದ್ದು: ಐ5-4460, ನಾಲ್ಕು ಕೋರು (ಪ್ರೊಸೆಸರಿನೊಳಗೆ ಲೆಕ್ಕದ ಕೆಲಸ ಮಾಡುವ ಘಟಕ), 8 ಜಿಬಿ ಡಿಡಿಆರ್3 ರ‍್ಯಾಮ್. ನಡುವೆ 2019ರಲ್ಲಿ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದ್ದು ಬಿಟ್ಟರೆ ಅದಕ್ಕೆ ಸಿಕ್ಕ ಉಪಚಾರವೆಂದರೆ, ಪ್ರತಿ ಮಳೆಗಾಲ ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಸಿಕ್ಕಿಸುವುದು. ಮಟ್ಟುವಿನ ಕಡಲು ಅಲ್ಲಿಂದ ದೂರವಿಲ್ಲ. ಉಪ್ಪುಗಾಳಿಗೆ ಆಷಾಢದಲ್ಲಿ ಬೀಗದ ಕೈಯೇ ತಿರುಗುವುದಿಲ್ಲ, ಇನ್ನು ರ‍್ಯಾಮ್ ಸ್ಲಾಟಿನ ಪಾಡೇನು.

ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಮುಂದುವರಿಸಿಕೊಳ್ಳುವ ದಾರಿ ಇತ್ತು. ವಿಂಡೋಸ್ 11 ಕೇಳುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು. ನಮ್ಮದು 4ನೇ ತಲೆಮಾರು. ಅಡ್ಡದಾರಿಯಲ್ಲಿ ಹಾಕುವವರಿದ್ದಾರೆ, ನಾನೂ ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿದ್ದೇನೆ. ಆದರೆ ಇಡೀ ಊರಿನ ಪೆನ್‌ಡ್ರೈವ್ ಬಂದು ಚುಚ್ಚಿಕೊಳ್ಳುವ ಅಂಗಡಿಯ ಕಂಪ್ಯೂಟರಿಗೆ ಆ ಧೈರ್ಯ ಬೇಡ ಅನ್ನಿಸಿತು.

“ಭಾವ, ಒಂದು ಶನಿವಾರ ಬಂದು ಕೂರ್ತೇನೆ. ನೀವು ನಿಮ್ಮ ಕೆಲಸ ಮಾಡಿ, ನಾನು ನೋಡ್ತೇನೆ” ಎಂದೆ.

“ನೋಡ್ಲಿಕ್ಕೆ ಎಂತ ಉಂಟು? ಐ-ಸೆವೆನ್ ಹಾಕುವ.”

ಆ ಮಾತಿಗೆ ಉತ್ತರ ಕೊಡಲೇ ಆ ಶನಿವಾರ ಹೋದದ್ದು.

ಟಾಸ್ಕ್ ಮ್ಯಾನೇಜರ್ ತೆರೆದು ಒಂದು ಮೂಲೆಯಲ್ಲಿಟ್ಟೆ. ಭಾವ 10 ಅಡಿ ಅಗಲದ ಫ್ಲೆಕ್ಸಿನ ಫೈಲನ್ನು ಕೋರೆಲ್‌ಡ್ರಾದಲ್ಲಿ ತೆರೆದು, ಒಂದು ಫೋಟೋ ಬದಲಿಸಿ, ಸೇವ್ ಒತ್ತಿದರು. 48 ಸೆಕೆಂಡು. ಅಷ್ಟು ಹೊತ್ತು ಪರದೆ ಬೆಳ್ಳಗೆ, ಗಿರಾಕಿ ನಿಂತು ಕಾಯುವುದು, ಭಾವ ಚಾ ಕುಡಿಯುವುದು. ಡಿಸ್ಕಿನ ಗೆರೆ ನೆಲಕ್ಕಂಟಿತ್ತು. ಪ್ರೊಸೆಸರ್ ತೋರಿಸಿದ್ದು 27 ಶೇಕಡ.

“ಮುಕ್ಕಾಲು ಪಾಲು ಖಾಲಿ ಕೂತಿದೆಯಲ್ಲ. ಮತ್ತೆ ಎಂತಕ್ಕೆ ನಿಧಾನ?” ಅಂದರು ಭಾವ.

ಈ 27 ಶೇಕಡ ಎನ್ನುವುದು ಬಹಳ ಜನರನ್ನು ಮೋಸಗೊಳಿಸುವ ಅಂಕಿ. ನಾಲ್ಕು ಕೋರಿನ ಪ್ರೊಸೆಸರಿನಲ್ಲಿ ಒಂದು ಕೋರು ಪೂರ್ತಿ ದುಡಿದು ಉಳಿದ ಮೂರು ಸುಮ್ಮನಿದ್ದರೆ ಒಟ್ಟು ಲೆಕ್ಕ 25 ಶೇಕಡವೇ ಬರುವುದು. ಹಾಗಾದರೆ ಆ ಒಂದು ಕೋರು 100 ತೋರಿಸಬೇಕಲ್ಲ ಎಂದು ಕೋರುಗಳ ಗೆರೆಯನ್ನು ಬೇರೆಬೇರೆಯಾಗಿ ನೋಡಿದರೆ ಅಲ್ಲಿಯೂ ಕಾಣುವುದಿಲ್ಲ. ವಿಂಡೋಸ್ ಆ ಒಂದೇ ಕೆಲಸವನ್ನು ಕ್ಷಣಕ್ಷಣಕ್ಕೆ ಒಂದು ಕೋರಿನಿಂದ ಇನ್ನೊಂದಕ್ಕೆ ದಾಟಿಸುತ್ತಿರುತ್ತದೆ. ಹಾಗಾಗಿ ನಾಲ್ಕೂ ಗೆರೆಗಳು ಕಾಲುಭಾಗ ಎದ್ದು, ಎಲ್ಲರೂ ಸ್ವಲ್ಪಸ್ವಲ್ಪ ಕೆಲಸ ಮಾಡಿ ಆರಾಮವಾಗಿರುವ ಹಾಗೆ ಕಾಣುತ್ತವೆ. ಭಾವನಿಗೆ ಹೇಳಿದ್ದು ಹೀಗೆ: ಚೆಂಡೆಯವರು ಹತ್ತು ಮಂದಿ ಬಂದು ನಿಂತರೂ ಭಾಗವತರು ಹಾಡದೆ ಪದ ಮುಂದೆ ಹೋಗುತ್ತದಾ? ನಿಮ್ಮ ಕೋರೆಲ್ ಸೇವ್ ಮಾಡುವುದು ಭಾಗವತಿಕೆಯ ಕೆಲಸ. ಒಬ್ಬನೇ ಹಾಡಬೇಕು, ಬೇಗ ಹಾಡಬೇಕು.

ಅಂದರೆ ಬೇಕಾದದ್ದು ಜಾಸ್ತಿ ಕೋರು ಅಲ್ಲ, ಒಂದು ಕೋರಿನ ಓಟ. ರಸೀದಿ ಪುಸ್ತಕಕ್ಕೆ ಭಾವ ಇಂದಿಗೂ ನುಡಿ ಫಾಂಟ್ ಹಾಕಿ ಪೇಜ್‌ಮೇಕರ್ 7 ಬಳಸುತ್ತಾರೆ. 2001ರ ತಂತ್ರಾಂಶ ಅದು, ಡೆಸ್ಕ್‌ಟಾಪಿನಲ್ಲಿ ಎರಡು ಕೋರು ಎಂಬುದೇ ಇಲ್ಲದ ಕಾಲದ್ದು. ಅದಕ್ಕೆ ಹದಿನಾರು ಕೋರು ಕೊಟ್ಟರೂ ಒಂದನ್ನೇ ಮುಟ್ಟುತ್ತದೆ.

ಎರಡನೆಯ ಸಂಗತಿ ರ‍್ಯಾಮ್. ಕೋರೆಲ್, ಫೋಟೋಶಾಪ್, ವಾಟ್ಸಾಪ್ ತೆರೆದ ಬ್ರೌಸರ್ ಮೂರೂ ಇದ್ದರೆ 8ರಲ್ಲಿ 7.4 ಜಿಬಿ ತುಂಬಿರುತ್ತಿತ್ತು. ಇಷ್ಟಕ್ಕೇ ಮುಗಿದಿದ್ದರೆ ನನ್ನ ಆಯ್ಕೆ ಅವತ್ತೇ ಮುಗಿಯುತ್ತಿತ್ತು: ಐ3-12100, ನಾಲ್ಕು ಕೋರು, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು), 4.3 ಗಿಗಾಹರ್ಟ್ಸ್‌ವರೆಗೆ ಓಟ. ಬರೀ ಡಿಟಿಪಿ ಮಾಡುವವರು ಇವತ್ತಿಗೂ ಅದನ್ನು ಕಣ್ಣುಮುಚ್ಚಿ ಹಾಕಬಹುದು. ಅಂಗಡಿಯವರು ಐ5 ಇಲ್ಲದೆ ಫೋಟೋಶಾಪ್ ಓಡುವುದಿಲ್ಲ ಎಂದರೆ ನಂಬಬೇಡಿ.

ಲೆಕ್ಕ ತಪ್ಪಿಸಿದ್ದು ಅಳಿಯ, ಅಕ್ಕನ ಮಗ. ಡಿಗ್ರಿ ಮುಗಿಸಿ ಯಕ್ಷಗಾನ ಆಟಗಳ ವಿಡಿಯೋ ಮಾಡುತ್ತಿದ್ದಾನೆ. ಹೊಸ ಮಿರರ್‌ಲೆಸ್ ಕ್ಯಾಮೆರಾ ಬಂದಿದೆ. ಸಂಜೆ ಅವನ ಒಂದು ಫೈಲನ್ನು ಅದೇ 4460ರಲ್ಲಿ ಓಡಿಸಿ ನೋಡಿದೆ. ಓಡುವುದೆಲ್ಲಿಂದ, ಎರಡು ಸೆಕೆಂಡಿಗೊಂದು ಚಿತ್ರ ಬಂದು ನಿಲ್ಲುತ್ತಿತ್ತು. ಮಹಿಷಾಸುರ ಪ್ರವೇಶ ಮಾಡಲು ರಂಗಸ್ಥಳದಲ್ಲಿ ಐದು ನಿಮಿಷ ತೆಗೆದುಕೊಂಡದ್ದು ನಮ್ಮ ಪರದೆಯಲ್ಲಿ ಅರ್ಧ ಗಂಟೆ.

“ದಿನಾ ರಾತ್ರಿ ಪ್ರಾಕ್ಸಿ ಮಾಡ್ಲಿಕ್ಕೆ ಹಾಕಿ ಮಲಗ್ತೇನೆ ಮಾವ. ಬೆಳಿಗ್ಗೆ ಎದ್ದು ನೋಡಿದ್ರೆ ಕರೆಂಟ್ ಹೋಗಿರ್ತದೆ” ಎಂದ. ಪ್ರಾಕ್ಸಿ ಎಂದರೆ ಎಡಿಟಿಂಗಿಗೆಂದು ಮಾಡಿಕೊಳ್ಳುವ ವಿಡಿಯೋದ ಹಗುರ ನಕಲು.

ಫೈಲಿನ ವಿವರ ತೆಗೆದು ನೋಡಿದಾಗ ಕಾರಣ ಸಿಕ್ಕಿತು. ಅವನು ಹೆಚ್‌ಇವಿಸಿ ಎಂಬ, ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ವಿಧಾನದಲ್ಲಿ 4:2:2, 10 ಬಿಟ್ ರೆಕಾರ್ಡ್ ಮಾಡುತ್ತಾನೆ. ಮೊಬೈಲುಗಳು ಸಾಮಾನ್ಯವಾಗಿ ಹಿಡಿಯುವುದು 4:2:0. ಅದರಲ್ಲಿ ಬೆಳಕಿನ ವಿವರ ಪ್ರತಿ ಚುಕ್ಕಿಗೂ ಇದ್ದರೆ, ಬಣ್ಣದ ವಿವರ ನಾಲ್ಕು ಚುಕ್ಕಿಗೆ ಒಂದೇ. 4:2:2ರಲ್ಲಿ ಎರಡು ಚುಕ್ಕಿಗೆ ಒಂದು. ಬಣ್ಣದ ವೇಷದ ಕೆಂಪು, ಕಿರೀಟದ ಮಿನುಗು ರಾತ್ರಿಯ ಬೆಳಕಿನಲ್ಲಿ ಒಂದಕ್ಕೊಂದು ಹರಡಿಕೊಳ್ಳದೆ ನಿಲ್ಲುವುದು ಇದರಿಂದ ಎನ್ನುತ್ತಾನೆ. ಕಣ್ಣಿಗೆ ಕಂಡದ್ದೂ ಹೌದು, ಅವನ ಹಟ ಸುಳ್ಳಲ್ಲ. ಆದರೆ ಈ ಬಗೆಯ ವಿಡಿಯೋವನ್ನು ಬಿಚ್ಚಿ ತೋರಿಸಲು ಚಿಪ್ಪಿನೊಳಗೆ ಅದಕ್ಕೆಂದೇ ಮಾಡಿದ ಭಾಗ ಬೇಕು. ಇಲ್ಲದಿದ್ದರೆ ಕೋರುಗಳೇ ಒದ್ದಾಡಬೇಕು.

ಇಲ್ಲಿಂದ ಮುಂದೆ ಆಯ್ಕೆ ನಿಜವಾಗಿ ಶುರು. ಬಜೆಟ್ 40,000, ಮಾನಿಟರ್ ಮತ್ತು ಯುಪಿಎಸ್ ಹಳೆಯವೇ.

ನನ್ನ ಮನಸ್ಸಿನಲ್ಲಿ ಮೊದಲಿದ್ದದ್ದು ಎಎಂಡಿ ಕಂಪನಿಯ ರೈಜನ್ 5 5600ಜಿ. ಸುರತ್ಕಲ್‌ನ ನಮ್ಮ ಮನೆಯಲ್ಲಿ ಅದೇ ಉಂಟು, ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಆರು ಕೋರು, ಹನ್ನೆರಡು ಥ್ರೆಡ್, 65 ವ್ಯಾಟ್, ಒಳಗೇ ವೇಗಾ ಗ್ರಾಫಿಕ್ಸ್. ಹೆಸರು ಹತ್ತಿರವಾದರೂ ಅದು ಒಳಗೆ ಗ್ರಾಫಿಕ್ಸ್ ಇಲ್ಲದ 5600ರ ತಮ್ಮ ಮಾತ್ರ. 5600ರಲ್ಲಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 32 ಎಂಬಿ, 5600ಜಿಯಲ್ಲಿ 16. ಕಾರ್ಡು, ಡಿಸ್ಕು ಜೋಡಿಸುವ ದಾರಿ 5600ರಲ್ಲಿ ಪಿಸಿಐಇ 4.0, 5600ಜಿಯಲ್ಲಿ 3.0. ಗ್ರಾಫಿಕ್ಸ್ ಒಳಗೆ ಸೇರಿಸಲು ಕೊಟ್ಟ ಬೆಲೆ ಅದು. ಅಂಗಡಿಗೆ ಆ ವ್ಯತ್ಯಾಸ ದೊಡ್ಡದಲ್ಲ. ಆದರೆ 4:2:2 ಹೆಚ್‌ಇವಿಸಿ ಬಿಚ್ಚುವ ಶಕ್ತಿ ಆ ವೇಗಾ ಗ್ರಾಫಿಕ್ಸಿಗೆ ಇಲ್ಲ. ಅಳಿಯನ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಮನೆಯಲ್ಲಿ ಓಡಿಸಿದೆ. 4460ಕ್ಕಿಂತ ಎಷ್ಟೋ ವಾಸಿ, ಆದರೂ ಎಡಿಟಿಂಗ್ ಮಾಡುವಷ್ಟು ನಯವಿಲ್ಲ, ಫ್ಯಾನು ಮಾತ್ರ ಹುಚ್ಚು ಹಿಡಿದವರ ಹಾಗೆ ತಿರುಗಿತು. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಈ ಕೆಲಸವನ್ನು ಮಾಡುತ್ತದೆ. ಕ್ವಿಕ್ ಸಿಂಕ್ ಎನ್ನುತ್ತಾರೆ. ಆದ್ದರಿಂದ ಐ5-12400: ಆರು ಕೋರು, ಹನ್ನೆರಡು ಥ್ರೆಡ್, 18 ಎಂಬಿ ಎಲ್3, ಒಂದು ಕೋರು 4.4 ಗಿಗಾಹರ್ಟ್ಸ್‌ವರೆಗೆ, ಒಳಗೆ ಯುಹೆಚ್‌ಡಿ 730. 2022ರ ಜನವರಿಯಲ್ಲಿ ಬಂದದ್ದು, ಹಾಗಾಗಿ ಬೆಲೆ ಇಳಿದಿದೆ. ಭಾಗವತಿಕೆಗೂ ಸೈ, ಬಣ್ಣದ ವೇಷಕ್ಕೂ ಸೈ. ಒಂದು ಎಚ್ಚರ ಹೇಳಬೇಕು: ಇದೇ 4:2:2 10 ಬಿಟ್ ವಿಡಿಯೋ ಹೆಚ್.264 ಎಂಬ ಹಳೆಯ ವಿಧಾನದಲ್ಲಿದ್ದರೆ 12ನೇ ತಲೆಮಾರಿನ ಕ್ವಿಕ್ ಸಿಂಕಿಗೂ ಅದು ಆಗದು. ಕೆಲವು ಕ್ಯಾಮೆರಾಗಳಲ್ಲಿ ಎರಡೂ ಆಯ್ಕೆ ಇರುತ್ತವೆ. ಅಳಿಯನಿಗೆ ಹೆಚ್‌ಇವಿಸಿಯನ್ನೇ ಹಿಡಿ ಎಂದು ಬರೆದು ಕೊಟ್ಟಿದ್ದೇನೆ.

“ಮಾವ, 12400ಎಫ್ ತೆಗೊಂಡ್ರೆ ಎರಡು ಮೂರು ಸಾವಿರ ಉಳೀತದೆ. ಅದಕ್ಕೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕುವ.” ಅಳಿಯ ವಿಡಿಯೋ ನೋಡಿ ಕಲಿತು ಬಂದಿದ್ದ.

ಹೆಸರಿನ ಕೊನೆಯ ಎಫ್ ಎಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದು. ನಮಗೆ ಬೇಕಾದದ್ದೇ ಆ ಭಾಗ. ಎನ್‌ವಿಡಿಯಾ ಕಾರ್ಡುಗಳಿಗೆ 4:2:2 ಬಿಚ್ಚುವುದು ಬಂದದ್ದು 2025ರಲ್ಲಿ ಬಂದ 50ರ ಸರಣಿಯಿಂದ. ಅವನು ಹೇಳುವ ಹಳೆಯ ಕಾರ್ಡು ಆಟ ಆಡಲು ಆದೀತು, ಆಟದ ವಿಡಿಯೋಗೆ ಆಗದು. ಆಟ ಎಂದರೆ ಯಾವ ಆಟ ಎಂದು ಮೊದಲು ತೀರ್ಮಾನ ಮಾಡು ಎಂದೆ. ನಕ್ಕು ಸುಮ್ಮನಾದ.

13400 ಕೂಡ ನೋಡಿದೆ. ಅದರಲ್ಲಿ ಅವೇ ಆರು ದೊಡ್ಡ ಕೋರಿನ ಜೊತೆ ನಾಲ್ಕು ಸಣ್ಣ ಕೋರು ಜಾಸ್ತಿ, ಓಟ 4.6ವರೆಗೆ. ಕೇಳಿದ ಬೆಲೆ ನಾಲ್ಕು ಸಾವಿರ ಮೇಲೆ. ಸೇವ್ ಮಾಡುವ ಕೆಲಸದಲ್ಲಿ 4.4ಕ್ಕೂ 4.6ಕ್ಕೂ ನೂರಕ್ಕೆ ಐದರಷ್ಟೂ ಫರಕಿಲ್ಲ. ಆ ನಾಲ್ಕು ಸಾವಿರ ರ‍್ಯಾಮಿಗೆ ಬೇಕಿತ್ತು. ಅಂದಹಾಗೆ 2024ರಲ್ಲಿ ದೊಡ್ಡ ಸುದ್ದಿಯಾದ 13 ಮತ್ತು 14ನೇ ತಲೆಮಾರಿನ ವೋಲ್ಟೇಜ್ ತೊಂದರೆ ಕಾಡಿದ್ದು ಮುಖ್ಯವಾಗಿ ಮೇಲಿನ ದರ್ಜೆಯ ಚಿಪ್ಪುಗಳನ್ನು. ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ತಿದ್ದಿ ಕೊಟ್ಟು ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. 12ನೇ ತಲೆಮಾರಿಗೆ ಆ ತಾಪತ್ರಯವಿಲ್ಲ.

ಎಎಂ5 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು) ರೈಜನ್ 7600 ಇವೆಲ್ಲಕ್ಕಿಂತ ಚುರುಕು, ಒಪ್ಪುತ್ತೇನೆ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಅವಕಾಶವೂ ಉಂಟು. ಆದರೆ ಅದಕ್ಕೆ ಡಿಡಿಆರ್5 ಮಾತ್ರ ಆಗುತ್ತದೆ, ಬೋರ್ಡೂ ದುಬಾರಿ. ಮತ್ತೆ ಈ ‘ಮುಂದೆ ಬದಲಿಸಬಹುದು’ ಎಂಬ ಮಾತನ್ನು ಭಾವನ ಅಂಗಡಿಗೆ ಹಚ್ಚಿ ನೋಡಿದೆ. ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಪ್ರೊಸೆಸರ್ ಬದಲಿಸಿದ್ದುಂಟಾ? ಇಲ್ಲ. ಮುಂದಿನ ಸಲವೂ ಎಲ್ಲ ಒಟ್ಟಿಗೇ ಹೋಗುವುದು. ಹಾಗಿರುವಾಗ ಎಲ್‌ಜಿಎ1700 ಸಾಕೆಟ್ಟಿಗೆ ಭವಿಷ್ಯವಿಲ್ಲ ಎಂಬುದು ನಮಗೆ ದೋಷವೇ ಅಲ್ಲ.

ಭಾವನ ಐ-ಸೆವೆನ್ ಆಸೆಗೂ ಒಂದು ದಾರಿ ಇತ್ತು. ಹಳೆಯ ಬೋರ್ಡಿಗೇ ಕೂರುವ ಐ7-4790 ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಹಾಕಿದರೆ ಐ-ಸೆವೆನ್ ಎಂದು ಹೇಳಿಕೊಳ್ಳಬಹುದು. ವಿಂಡೋಸ್ 11 ಅದಕ್ಕೂ ಇಲ್ಲ, ಅಳಿಯನ ವಿಡಿಯೋ ಅದರಲ್ಲೂ ಓಡದು. ಈ ಚಿಪ್ಪಿಗಿಂತ ಇವತ್ತಿನ ಐ3 ವೇಗ ಎಂದಾಗ ಭಾವನಿಗೆ ಒಂದು ನಿಮಿಷ ಮಾತೇ ಬರಲಿಲ್ಲ. “ಹಾಗಾದ್ರೆ ಈ ಐ ಎಲ್ಲ ಎಂತಕ್ಕೆ ಮಾರಾಯ?”

ನವೆಂಬರ್ ಮಧ್ಯದಲ್ಲಿ ಮಂಗಳೂರಿನ ಅಂಗಡಿಗೆ ಹೋದೆ. ಮೊದಲ ಅಂಗಡಿಯಲ್ಲಿ ಪ್ರೊಸೆಸರನ್ನು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಿಟ್ಟು 1,100 ಕಡಿಮೆ ಹೇಳಿದರು. ಟ್ರೇ ಮಾಲು. ಕಾರ್ಖಾನೆಗಳಿಗೆ ಸಗಟಾಗಿ ಹೋಗುವುದು ಅದು; ಇಂಟೆಲ್‌ನ ಮೂರು ವರ್ಷದ ವಾರಂಟಿ ಇರುವುದು ಬಾಕ್ಸಿನಲ್ಲಿ ಬಂದದ್ದಕ್ಕೆ. ಟ್ರೇಗೆ ಮಾರಿದವನ ಮಾತೇ ವಾರಂಟಿ. ಕೂಲರೂ ಇರುವುದಿಲ್ಲ, ಅದಕ್ಕೆ ಬೇರೆ ದುಡ್ಡು. “ಬಾಕ್ಸ್ ಖಾಲಿ ಆಗಿದೆ, ಇದೇ ಒಳ್ಳೇದು” ಎಂದರು. ನಮಸ್ಕಾರ ಹೇಳಿ ಎರಡನೆಯ ಅಂಗಡಿಗೆ ಹೋದೆ. ಅಲ್ಲಿ ಬಾಕ್ಸ್ ಸಿಕ್ಕಿತು. ಡಬ್ಬದ ಮೇಲಿನ ನಂಬರನ್ನೂ ಚಿಪ್ಪಿನ ಬೆನ್ನಿನ ನಂಬರನ್ನೂ ತಾಳೆ ನೋಡಿಯೇ ಬಿಲ್ಲು ಮಾಡಿಸಿದ್ದು.

ಎದೆ ಒಡೆದದ್ದು ರ‍್ಯಾಮಿನ ಬೆಲೆಗೆ. ಸೆಪ್ಟೆಂಬರಿನಲ್ಲಿ ಗೆಳೆಯನೊಬ್ಬನಿಗೆ ಕೊಡಿಸಿದ್ದ ಅದೇ 8 ಜಿಬಿಯ ಎರಡು ಡಿಡಿಆರ್4 ಕಡ್ಡಿಗೆ ಈಗ ಹೆಚ್ಚುಕಡಿಮೆ ದುಪ್ಪಟ್ಟು. ಎಐ ಸರ್ವರುಗಳಿಗೆ ಮೆಮೊರಿ ಮಾಡುವುದರಲ್ಲಿ ಲಾಭ ಜಾಸ್ತಿಯಾದ್ದರಿಂದ ಕಂಪನಿಗಳ ಉತ್ಪಾದನೆಯೆಲ್ಲ ಆ ಕಡೆ ತಿರುಗಿದೆ. ಕಟಪಾಡಿಯ ರಸೀದಿ ಪುಸ್ತಕಕ್ಕೂ ಅದರ ಬಿಸಿ. 32 ಜಿಬಿ ಹಾಕುವ ಯೋಚನೆ ಅಲ್ಲಿಗೇ ಬಿಟ್ಟೆ.

ಇದರಿಂದ ಮದರ್‌ಬೋರ್ಡಿನ ಲೆಕ್ಕವೂ ಬದಲಾಯಿತು. ಎಚ್610 ಬೋರ್ಡು ಆರು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು, 12400ಕ್ಕೆ ಅದು ಧಾರಾಳ ಸಾಕು. ಆದರೆ ಅದಕ್ಕೆ ರ‍್ಯಾಮ್ ಸ್ಲಾಟು ಎರಡೇ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಂಡು ಕೆಲಸ ಮಾಡುವುದರಿಂದ ಒಂದರ ಬದಲು ಎರಡು ಕಡ್ಡಿ ಹಾಕಲೇಬೇಕು, ಆಗಲೇ ಡ್ಯುಯಲ್ ಚಾನೆಲ್ ಆಗುವುದು. ಎರಡೂ ಸ್ಲಾಟು ತುಂಬಿದ ಮೇಲೆ ನಾಳೆ 32 ಬೇಕೆಂದರೆ ಈ ದುಬಾರಿ ಕಡ್ಡಿಗಳನ್ನು ಕಿತ್ತು ಮಾರಬೇಕು. ಅದಕ್ಕೆ ನಾಲ್ಕು ಸ್ಲಾಟಿನ ಬಿ760, ಡಿಡಿಆರ್4ನದ್ದು. ಬೆಲೆ ಇಳಿದ ಮೇಲೆ ಇನ್ನೆರಡು ಕಡ್ಡಿ. ಬೋರ್ಡ್ ಕೊಳ್ಳುವಾಗ ಡಬ್ಬದ ಮೇಲೆ ಡಿ4 ಎಂದಿದೆಯಾ ನೋಡಿಕೊಳ್ಳಿ. ಅದೇ ಹೆಸರಿನ ಡಿಡಿಆರ್5 ಬೋರ್ಡೂ ಪಕ್ಕದಲ್ಲೇ ಇರುತ್ತದೆ. ನೋಡಲು ಒಂದೇ ಥರ, ಕಡ್ಡಿ ಮಾತ್ರ ಕೂರುವುದಿಲ್ಲ.

ಬಿಲ್ಲು ಹೀಗೆ ಬಂತು: ಪ್ರೊಸೆಸರ್ 12,900, ಬೋರ್ಡು 10,400, ರ‍್ಯಾಮ್ 7,600, ಕರೆಂಟ್ ಒದಗಿಸುವ 550 ವ್ಯಾಟಿನ ಎಸ್‌ಎಂಪಿಎಸ್ 4,300, 500 ಜಿಬಿ ಎನ್‌ವಿಎಂಇ ಡಿಸ್ಕು 3,900, ಕ್ಯಾಬಿನೆಟ್ 2,400. ಒಟ್ಟು 41,500. ಕ್ಯಾಬಿನೆಟ್ ಹಳೆಯದೇ ಇರಲಿ ಎಂದು ಭಾವ ಹೇಳಿದ್ದರು. ಆದರೆ ಅದರ ತಳ ತುಕ್ಕು ಹಿಡಿದು ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಆ ಪುಡಿ ಬೋರ್ಡಿನ ಮೇಲೆ ಬಿದ್ದರೆ ಹತ್ತು ಸಾವಿರ ಹೋಯಿತು. ಎಕ್ಸ್‌ಪ್ರೆಸ್ ಬಸ್ಸಿನ ಡಿಕ್ಕಿಯಲ್ಲಿ ಹೊಸ ಕ್ಯಾಬಿನೆಟ್ ಇಟ್ಟು, ಬೋರ್ಡು ಪ್ರೊಸೆಸರನ್ನು ತೊಡೆಯ ಮೇಲಿಟ್ಟುಕೊಂಡು ಕಟಪಾಡಿಯಲ್ಲಿ ಇಳಿದೆ.

ಭಾನುವಾರ ಅಂಗಡಿ ರಜೆ. ಕಾಗದ ಕತ್ತರಿಸುವ ಮೇಜನ್ನು ಒರೆಸಿ ಕೆಲಸ ಶುರು.

ಮೊದಲು ಹಳೆಯದನ್ನು ಬಿಚ್ಚಿದೆ. ಎಸ್‌ಎಂಪಿಎಸ್‌ನ ಜಾಲರಿಯೊಳಗೆ ಟಾರ್ಚ್ ಬಿಟ್ಟರೆ ಒಣಗಿ ಹಪ್ಪಳವಾದ ಒಂದು ಹಲ್ಲಿ. ಹಿಂದುಗಡೆ ಒಂದು ಸ್ಲಾಟಿನ ತಗಡು ಯಾವಾಗಲೋ ಬಿದ್ದುಹೋಗಿತ್ತು, ಬೆಚ್ಚಗಿನ ಜಾಗ ಹುಡುಕಿಕೊಂಡು ಅಲ್ಲಿಂದಲೇ ಬಂದಿರಬೇಕು. ನಮ್ಮ ಕಡೆ ಕಂಪ್ಯೂಟರ್ ಸಾಯುವುದಕ್ಕೆ ಮಿಂಚಿನಷ್ಟೇ ದೊಡ್ಡ ಕಾರಣ ಹಲ್ಲಿ ಎಂಬುದು ನನ್ನ ಅನುಭವ. ಆ ಎಸ್‌ಎಂಪಿಎಸ್‌ನಲ್ಲಿ ಪ್ರೊಸೆಸರಿಗೆ ಹೋಗುವ ವೈರು 4 ಪಿನ್ನಿನದ್ದು, ಹೊಸ ಬೋರ್ಡು ಕೇಳುವುದು 8 ಪಿನ್ನು. ಅರ್ಧ ಸಿಕ್ಕಿಸಿ ಓಡಿಸುವವರುಂಟು. ಹನ್ನೊಂದು ವರ್ಷದ, ಹಲ್ಲಿ ಬೆಂದ ಪೆಟ್ಟಿಗೆಯ ಮೇಲೆ ಅಷ್ಟು ನಂಬಿಕೆ ನನಗಿಲ್ಲ.

ಪ್ರೊಸೆಸರ್ ಕೂರಿಸುವುದು ಎರಡು ನಿಮಿಷದ ಕೆಲಸ, ಆದರೆ ಉಸಿರು ಬಿಗಿಹಿಡಿಯುವ ಎರಡು ನಿಮಿಷ. ನಮ್ಮ ಮನೆಯ ರೈಜನ್ ಕೂರುವ ಎಎಂ4ನಲ್ಲಿ ಪಿನ್ನು ಇರುವುದು ಚಿಪ್ಪಿನ ಅಡಿಯಲ್ಲಿ. ಎಲ್‌ಜಿಎಯಲ್ಲಿ ಸಾಕೆಟ್ಟಿನಲ್ಲಿ, ಕೂದಲಿನ ಹಾಗೆ 1700. ಚಿಪ್ಪನ್ನು ಅಂಚು ಹಿಡಿದು, ಮೂಲೆಯ ತ್ರಿಕೋನದ ಗುರುತು ಸರಿನೋಡಿ, ಇಳಿಸಿ ಬಿಡಬೇಕು. ಒತ್ತಬಾರದು. ಆಮೇಲೆ ಸರಳು ಇಳಿಸುವಾಗ ಮಾತ್ರ ಎದೆ ಝಲ್ಲೆನ್ನುವಷ್ಟು ಬಲ ಬೇಕು, ಕಿರ್ ಎಂದು ಸದ್ದೂ ಬರುತ್ತದೆ. ಅಕ್ಕ ಒಳಗಿನಿಂದ “ಎಂತ ಮುರಿದದ್ದು?” ಎಂದು ಕೇಳಿದಳು. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತನ್ನಷ್ಟಕ್ಕೇ ಹಾರಿ ಬೀಳುತ್ತದೆ. ಅದನ್ನು ಎಸೆಯಬೇಡಿ. ಬೋರ್ಡನ್ನು ವಾರಂಟಿಗೆ ಕಳುಹಿಸುವ ದಿನ ಬಂದರೆ ಅದನ್ನು ಹಾಕಿಯೇ ಕಳಿಸಬೇಕು.

ತಪ್ಪು ಮಾಡಿದ್ದು ಮುಂದೆ. ಡಬ್ಬದ ಜೊತೆ ಬರುವ ಕೂಲರಿಗೆ ನಾಲ್ಕು ಒತ್ತುವ ಪಿನ್ನು, ಬೋರ್ಡಿನ ತೂತಿನೊಳಗೆ ಹೋಗಿ ಹಿಂದೆ ಅರಳಿಕೊಳ್ಳಬೇಕು. ಬೋರ್ಡನ್ನು ಹೊರಗಿಟ್ಟುಕೊಂಡೇ ಹಾಕಬೇಕು ಎಂದು ಹತ್ತು ಜನರಿಗೆ ಹೇಳಿದವನು ನಾನು. ಆದರೆ ಊಟಕ್ಕೆ ಕರೆದರು ಎಂದು ಅವಸರದಲ್ಲಿ ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿದು, ಆಮೇಲೆ ಕೂಲರ್ ಒತ್ತಿದೆ. ನಾಲ್ಕು ಸಲ ಟಕ್ ಎಂದು ಕೇಳಿಸಿತು. ಕೇಳಿಸಿತು ಎಂದುಕೊಂಡೆ.

ಊಟ ಮುಗಿಸಿ ಬಂದು ಆನ್ ಮಾಡಿದೆ. ಮೊದಲ ಸಲಕ್ಕೇ ಚಿತ್ರ ಬಂತು. ಬಯಾಸ್‌ನಲ್ಲಿ ರ‍್ಯಾಮ್ 2666ಕ್ಕೆ ನಿಂತಿತ್ತು, ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಹಾಕಿ 3200 ಮಾಡಿದೆ. ಪಿಟಿಟಿ ಆನ್ ಇದೆಯಾ ನೋಡಿದೆ, ವಿಂಡೋಸ್ 11 ಕೇಳುವ ಟಿಪಿಎಂ ಎಂದರೆ ಅದೇ. ಸುಮ್ಮನಿರುವಾಗಲೇ ಪ್ರೊಸೆಸರ್ 58 ಡಿಗ್ರಿ ತೋರಿಸುತ್ತಿತ್ತು. ಸೆಕೆ ಅಲ್ವಾ ಎಂದು ಮುಂದೆ ಹೋದೆ. ಅದೇ ದಡ್ಡತನ. ವಿಂಡೋಸ್ ಹಾಕಿ, ಎಲ್ಲ ಕೋರುಗಳನ್ನೂ ದುಡಿಸುವ ಒಂದು ಎಕ್ಸ್‌ಪೋರ್ಟಿಗೆ ಹಚ್ಚಿದೆ. ಒಂದು ನಿಮಿಷದೊಳಗೆ 100 ಡಿಗ್ರಿ. ಈ ಚಿಪ್ಪಿಗೆ ಅದೇ ಮೇಲಿನ ಗೆರೆ. ಮುಟ್ಟಿದ ಕೂಡಲೇ ತನ್ನನ್ನು ಉಳಿಸಿಕೊಳ್ಳಲು ತಾನೇ ಓಟ ಇಳಿಸಿಕೊಳ್ಳುತ್ತದೆ. 4ರ ಹತ್ತಿರ ಇರಬೇಕಾದದ್ದು 3 ಗಿಗಾಹರ್ಟ್ಸ್‌ಗಿಂತ ಕೆಳಗೆ ಬಂತು. ಸುಡುವುದಿಲ್ಲ, ನಿಲ್ಲುವುದೂ ಇಲ್ಲ, ಸುಮ್ಮನೆ ನಿಧಾನವಾಗುತ್ತದೆ. ಅದಕ್ಕೇ ಎಷ್ಟೋ ಜನರಿಗೆ ಇದು ಗೊತ್ತೇ ಆಗುವುದಿಲ್ಲ, ‘ಈ ಪ್ರೊಸೆಸರ್ ಹೇಳಿದಷ್ಟಿಲ್ಲ’ ಎಂದು ಬೈದುಕೊಂಡು ವರ್ಷಗಟ್ಟಲೆ ಬಳಸುತ್ತಾರೆ.

ಬಂದ್ ಮಾಡಿ, ಕ್ಯಾಬಿನೆಟ್ಟಿನ ಹಿಂಬದಿಯ ತಗಡು ತೆಗೆದು ನೋಡಿದರೆ ಮೂರು ಪಿನ್ನು ಅರಳಿವೆ, ಕೆಳಗಿನ ಎಡಗಡೆಯದ್ದು ಬಾಗಿಕೊಂಡು ತೂತಿನ ಬಾಯಲ್ಲೇ ಕೂತಿದೆ. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಮತ್ತೆ ಎಲ್ಲ ಹೊರಗೆ. ಕೂಲರಿನಡಿ ಮೊದಲೇ ಹಚ್ಚಿ ಬರುವ ಪೇಸ್ಟು ಒಂದು ಸಲಕ್ಕೆ ಮಾತ್ರ, ಅದನ್ನು ಒರೆಸಿ, ನನ್ನ ಚೀಲದಲ್ಲಿದ್ದ ಟ್ಯೂಬಿನಿಂದ ಕಡಲೆಕಾಳಿನಷ್ಟು ಹಾಕಿ, ಈ ಸಲ ಎದುರುಬದುರು ಮೂಲೆಗಳನ್ನು ಒಟ್ಟಿಗೆ ಒತ್ತಿ, ಬೋರ್ಡು ತಿರುಗಿಸಿ ನಾಲ್ಕನ್ನೂ ಕಣ್ಣಾರೆ ನೋಡಿದೆ. ಸುಮ್ಮನಿರುವಾಗ 37, ಅದೇ ಎಕ್ಸ್‌ಪೋರ್ಟಿಗೆ 69. ಕೋಣೆಯ ಬಿಸಿ ಆಗ 31 ಡಿಗ್ರಿ.

ಸಂಜೆ ಭಾವ ಬಂದು ಹೊಸ ಕ್ಯಾಬಿನೆಟ್ ಮುಟ್ಟಿ ಕೈ ಹಿಂದೆಗೆದರು. “ಇದೂ ಜುಂ ಅಂತದೆ ಭಾವ.”

ಇದೂ ಎಂದರೆ? ಹಳೆಯದೂ ಹಾಗೇ ಇತ್ತಂತೆ, ಹಲವು ವರ್ಷದಿಂದ. ಕಂಪ್ಯೂಟರ್ ಎಂದರೆ ಹಾಗೆಯೇ ಎಂದುಕೊಂಡಿದ್ದರಂತೆ! ಎಸ್‌ಎಂಪಿಎಸ್‌ನೊಳಗೆ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಮೈಗೆ ಜೋಡಿಸಿಕೊಂಡಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಆ ಸೋರಿಕೆ ಮಣ್ಣಿಗೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಅರ್ಧ ವೋಲ್ಟೇಜಿನಲ್ಲಿ ತೇಲುತ್ತದೆ, ಮುಟ್ಟಿದರೆ ಜುಂ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ನೋಡಿದೆ: 38 ವೋಲ್ಟ್. ಎರಡು ಮೂರಕ್ಕಿಂತ ಹೆಚ್ಚಿರಬಾರದು. ಅಂಗಡಿಯ ಹಿಂದೆ ಅರ್ಥ್ ಪೈಪು ಹೋದ ಗುಂಡಿ ನೋಡಿದರೆ ತಂತಿಯ ಕ್ಲಾಂಪು ತುಕ್ಕು ತಿಂದು ಬೆರಳಲ್ಲೇ ಕಳಚಿ ಬಂತು. ಮರುದಿನ ಎಲೆಕ್ಟ್ರಿಷಿಯನ್ ಬಂದು ಕ್ಲಾಂಪು ಬದಲಿಸಿ, ಗುಂಡಿಗೆ ಇದ್ದಿಲು ಉಪ್ಪು ಹೊಸದಾಗಿ ತುಂಬಿಸಿ, ನಾಲ್ಕು ಕೊಡ ನೀರು ಹೊಯ್ದ ಮೇಲೆ 2 ವೋಲ್ಟಿಗೆ ಇಳಿಯಿತು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ, ವಾರಕ್ಕೊಂದು ಕೊಡ ನೀರು ಹಾಕಲೇಬೇಕು. ಆ ಕೆಲಸ ಅಕ್ಕ ವಹಿಸಿಕೊಂಡಿದ್ದಾಳೆ, ಬಸಳೆ ಚಪ್ಪರದ ಬುಡದಲ್ಲೇ ಗುಂಡಿ ಇರುವುದು.

ಯುಪಿಎಸ್ ಹಳೆಯ 600 ವಿಎ, ಅಂದರೆ 360 ವ್ಯಾಟ್. ಬ್ಯಾಟರಿ ಮಾತ್ರ ಹೊಸದು. ಪ್ಲಗ್ ಮೀಟರಿನಲ್ಲಿ ಕ್ಯಾಬಿನೆಟ್ ಒಂದೇ ಎಳೆದದ್ದು ಸುಮ್ಮನಿರುವಾಗ 34 ವ್ಯಾಟ್, ಕೋರೆಲ್ ಕೆಲಸದಲ್ಲಿ 60ರ ಒಳಗೆ, ಪೂರ್ತಿ ದುಡಿತದಲ್ಲಿ 110. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಗ್ಗದ ಯುಪಿಎಸ್‌ನ ಒರಟು ಅಲೆಗೆ ಮುನಿಸಿಕೊಂಡು ಬಂದ್ ಆಗುವುದುಂಟು. ಎಕ್ಸ್‌ಪೋರ್ಟ್ ನಡೆಯುವಾಗಲೇ ಗೋಡೆಯ ಸ್ವಿಚ್ ಮೂರು ಸಲ ಆರಿಸಿ ನೋಡಿದೆ, ಮೂರೂ ಸಲ ನಿಂತಿತು.

ಅದೇ ಫ್ಲೆಕ್ಸ್ ಫೈಲು, ಅದೇ ಸೇವ್: 21 ಸೆಕೆಂಡು. ಭಾವನಿಗೆ ಸ್ವಲ್ಪ ನಿರಾಸೆ. 41,000 ಕೊಟ್ಟ ಮೇಲೆ ಒತ್ತಿದ ಕೂಡಲೇ ಆಗಬೇಕು ಎಂದಿತ್ತು ಅವರಿಗೆ. ಒಂದು ಕೋರಿನ ಓಟ ಹನ್ನೊಂದು ವರ್ಷದಲ್ಲಿ ಹೆಚ್ಚಾದದ್ದು ಇಷ್ಟೇ, ದುಪ್ಪಟ್ಟಿಗಿಂತ ಸ್ವಲ್ಪ ಮೇಲೆ. ಇನ್ನಿಪ್ಪತ್ತು ಸಾವಿರ ಕೊಟ್ಟಿದ್ದರೂ ಅದು 17 ಆಗುತ್ತಿತ್ತೋ ಏನೋ. ಪೇಜ್‌ಮೇಕರ್ ಸ್ವಲ್ಪ ಹಟ ಮಾಡಿ ವಿಂಡೋಸ್ 11ರಲ್ಲಿ ಕೂತಿತು. ನುಡಿಯ ಹಳೆಯ ಫಾಂಟುಗಳನ್ನು ಹಳೆ ಡಿಸ್ಕಿನಿಂದ ಒಂದೊಂದಾಗಿ ತರಬೇಕಾಯಿತು. ಅಳಿಯನ ಫೈಲು ಮಾತ್ರ ಪ್ರಾಕ್ಸಿ ಇಲ್ಲದೆ ನೀರು ಹರಿದ ಹಾಗೆ ಓಡಿತು, ಆಗ ಪ್ರೊಸೆಸರಿನ ಗೆರೆ ಇಪ್ಪತ್ತನ್ನೂ ದಾಟಲಿಲ್ಲ. ಅವನು ಹಿಂದೆ ಮುಂದೆ ಎಳೆದೆಳೆದು ನೋಡಿ, “ಮಾವ, ಮತ್ತೊಂದು ಸಲ ಮಹಿಷಾಸುರ ಹಾಕುವನಾ?” ಎಂದ.

ಮೇಳಗಳು ತಿರುಗಾಟ ಶುರುಮಾಡಿವೆ, ಕರಪತ್ರದ ಆರ್ಡರು ಬರುತ್ತಿವೆ. ಹಿಂಬದಿಯ ಸ್ಲಾಟುಗಳ ತಗಡು ಎಲ್ಲ ಇದೆಯೇ ಎಂದು ಎರಡು ಸಲ ಎಣಿಸಿದ್ದೇನೆ, ಕೇಬಲ್ ಬರುವ ಸಂದಿಗೆ ಸಣ್ಣ ಜಾಲರಿ ಅಂಟಿಸಿದ್ದೇನೆ. ಏಪ್ರಿಲ್ ಸೆಕೆಯಲ್ಲಿ ಬಂದು ಆ 69 ಎಷ್ಟಕ್ಕೆ ಏರಿದೆ ನೋಡಬೇಕು. 75 ದಾಟಿದರೆ ಒಂದು ಟವರ್ ಕೂಲರ್ ಹಾಕುವುದು, ಬೋರ್ಡನ್ನು ಹೊರಗೆ ತೆಗೆದೇ ಹಾಕುವುದು. ಹಳೆಯ 4460ಕ್ಕೆ ಲಿನಕ್ಸ್ ಹಾಕಿ ಕೊಡಬೇಕೆಂದು ಅಕ್ಕ ಕೇಳಿದ್ದಾಳೆ. ಮಹಿಳಾ ಮಂಡಲದ ಲೆಕ್ಕ ಬರೆಯಲಿಕ್ಕಂತೆ. ಅದಕ್ಕೊಂದು ಎಸ್‌ಎಂಪಿಎಸ್ ಹುಡುಕಬೇಕು.